ಒಲೆಯ ತಂತಿಯ ಮೇಲಣ ಕಪ್ಪು

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ವಿದ್ಯುತ್ ಒಲೆಯ ತಂತಿಯು ಕಪ್ಪಾಯಿತೆಂದು ಅದನ್ನು ಮರಳುಕಾಗದದಿಂದ ಆಗಾಗ ಉಜ್ಜುತ್ತಿದ್ದಳು. ಕೆಲವು ತಿಂಗಳೊಳಗೆ ತಂತಿಯು ತುಂಡಾಗಲು, “ಶುಚಿಯಾಗಿಟ್ಟುದು ತಪ್ಪೇ, ಅಮ್ಮನವರೇ?” ಎಂದು ಕೇಳಿದಳು. ತಾಯಂದಿರೆಲ್ಲರೂ ತಿಳಿಯತಕ್ಕ ವಿಷಯವಾದುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಇಂಥ ತಂತಿಯು ಹಲವು ವೇಳೆ ನೈಕ್ರೋಮ್ ಎಂಬ ಮಿಶ್ರಲೋಹ. ನೂರರಲ್ಲಿ ಸುಮಾರು 80 ಪಾಲು ನಿಕಲ್, 20 ಪಾಲು ಕ್ರೋಮಿಯಂ. ಅಮೆರಿಕೆಯ ಆಲ್ಬರ್ಟ್ ಮಾರ್ಷ್ ಎಂಬವರು 1906ರಲ್ಲಿ ಈ ಬಗೆಯ ತಂತಿಗೆ ಪೇಟೆಂಟ್ ಪಡೆದರು. ತಂತಿಯು ಕೆಂಪಗೆ ಕಾದಾಗ ಮುಖ್ಯವಾಗಿ ಕ್ರೋಮಿಯಮೇ ಗಾಳಿಯ ಆಮ್ಲಜನಕದೊಡನೆ ಕೂಡಿ ತೆಳ್ಳನೆಯ, ಬಿಗಿಯಾದ ಪೊರೆಯಾಗುವುದು. ಇದು ಕಬ್ಬಿಣದ ತುಕ್ಕಿನಂತೆ ಉದುರದೆ ಒಳಗಿನ ಲೋಹವನ್ನು ಕಾಯುವುದು. ಪೊರೆಯನ್ನು ಉಜ್ಜಿ ತೆಗೆದಷ್ಟು ಸಲವೂ ಹೊಸ ಪೊರೆಗಾಗಿ ಕ್ರೋಮಿಯಂ ವೆಚ್ಚವಾಗಿ, ತಂತಿಯು ಕ್ಷೀಣಿಸುವುದು.

ಕಾರ್ಖಾನೆಗಳಲ್ಲಿ ಈ ಲೋಹವನ್ನು ಜಲಜನಕದಲ್ಲಿಯೂ ಕಾಯಿಸುವುದುಂಟು. ಆಗ ನಿಕಲಿನೊಡನೆ ಕೂಡಿದ್ದ ಆಮ್ಲಜನಕವನ್ನು ಜಲಜನಕವು ಸುಲಭವಾಗಿ ಸೆಳೆದುಕೊಂಡು ನೀರಾವಿಯಾಗುವುದು. ನಿಕಲ್ ಪುನಃ ಲೋಹವಾಗುವುದು. ಕ್ರೋಮಿಯಮಾದರೋ ತನ್ನ ಆಮ್ಲಜನಕವನ್ನು ಸುಲಭವಾಗಿ ಬಿಡದು; ಜಲಜನಕವು ಬಹಳ ಒಣಗಿದ್ದು, ಶಾಖವೂ ಬಹಳ ಹೆಚ್ಚಾದರೆ ಮಾತ್ರ ಬಿಡುವುದು. ಜಲಜನಕದಲ್ಲಿ ತೇವವಿದ್ದರಂತೂ ಆ ನೀರಾವಿಯಿಂದಲೇ ಆಮ್ಲಜನಕವನ್ನು ಪಡೆದು ಹಸುರು ಪೊರೆಯನ್ನು ಕಟ್ಟಿಕೊಳ್ಳುವುದು.

ಇಷ್ಟು ಭದ್ರವಾದ ಕಾವಲನ್ನು ನಾವೇ ಕೆಡಿಸುವುದೇಕೆ? ಪಾತ್ರೆಗಳನ್ನು ಬೆಳಗಿರಿ, ಒಲೆಯ ತಂತಿಯ ಕಪ್ಪನ್ನು ಮಾತ್ರ ಹಾಗೆಯೇ ಬಿಡಿರಿ.