ನೀರಿನಡಿಯ ಫೋಟೋಗೆ ಎಂಥ ಬೆಳಕು ಬೇಕು?

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದವರ ಫೋಟೋಗಳನ್ನು ನೋಡಿರಬಹುದು. ಮೀನು, ಹವಳ, ಮನುಷ್ಯರ ಮುಖ ಎಲ್ಲವೂ ನೀಲಿ-ಹಸಿರು. ಇದು ಕ್ಯಾಮೆರಾದ ದೋಷವಲ್ಲ. ನೀರು ಬೆಳಕಿನ ಬಣ್ಣಗಳನ್ನು ಹೀರಿಕೊಳ್ಳುತ್ತದೆ, ಅದರಲ್ಲೂ ಕೆಂಪನ್ನು ಎಲ್ಲಕ್ಕಿಂತ ಮೊದಲು. ಸುಮಾರು 5 ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಹೋಗಿರುತ್ತದೆ. ಆ ಬಣ್ಣ ಮತ್ತೆ ಬೇಕೆಂದರೆ ಬೆಳಕನ್ನು ನಾವೇ ಒಯ್ಯಬೇಕು.

‘ಕ್ಯಾಮೆರಾದಲ್ಲೇ ಫ್ಲ್ಯಾಶ್ ಇದೆಯಲ್ಲ, ಸಾಲದೇ?’ ಗೇಣು ದೂರದ ಸಣ್ಣ ಜೀವಿಗೆ ಕೆಲವೊಮ್ಮೆ ಸಾಕು. ಉಳಿದದ್ದಕ್ಕೆ ಸಾಲದು. ಸಣ್ಣ ಕ್ಯಾಮೆರಾದಲ್ಲಿ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆಯೇ ಇರುತ್ತದೆ. ನೀರಿನಲ್ಲಿ ತೇಲುವ ಕಣಗಳಿಗೆ ಅದರ ಬೆಳಕು ಬಡಿದು ನೇರ ಲೆನ್ಸಿಗೇ ಮರಳುತ್ತದೆ. ಮಂಜು ಕವಿದ ಘಾಟಿಯಲ್ಲಿ ಹೈಬೀಮ್ ಹಾಕಿದ ಹಾಗೆ. ಫೋಟೋ ತುಂಬ ಬಿಳಿ ಚುಕ್ಕೆಗಳು. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಎನ್ನುತ್ತಾರೆ.

ಹಾಗಾಗಿ ಬೆಳಕು ಲೆನ್ಸಿನಿಂದ ದೂರವಿರಬೇಕು. ಆಯ್ಕೆ ಎರಡು. ವಿಡಿಯೋ ಲೈಟ್ ಒಂದೇ ಸಮನೆ ಉರಿಯುವ ಟಾರ್ಚ್. ಬೆಳಕು ಎಲ್ಲಿ ಬೀಳುತ್ತಿದೆ ಎಂದು ಕಣ್ಣಿಗೇ ಕಾಣುವುದರಿಂದ ಬಳಸುವುದು ಸುಲಭ. ವಿಡಿಯೋಗೆ ಇದೇ ಬೇಕು. ಆದರೆ ಹಗಲಿನ ಬೆಳಕಿನೆದುರು ಇದು ಮಂಕು. ಸ್ಟ್ರೋಬ್ ಎಂದರೆ ನೀರು ನುಗ್ಗದ ಕವಚದೊಳಗಿನ ಪ್ರತ್ಯೇಕ ಫ್ಲ್ಯಾಶ್. ಕ್ಷಣಮಾತ್ರ ಮಿಂಚಿದರೂ ಅದರ ಶಕ್ತಿ ಬಹಳ ಹೆಚ್ಚು. ಓಡುವ ಮೀನೂ ಮಸುಕಾಗುವುದಿಲ್ಲ. ಮುಖ್ಯವಾಗಿ ಫೋಟೋ ತೆಗೆಯುವವರು ಒಂದು ಸ್ಟ್ರೋಬನ್ನೇ ಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಅದು ಕ್ಯಾಮೆರಾದ ಮಾತು ಕೇಳುವುದು ಹೇಗೆ? ಫೈಬರ್ ಆಪ್ಟಿಕ್ ಕೇಬಲ್ ಎಂಬ, ಬೆಳಕು ಸಾಗಿಸುವ ತಂತಿಯ ಮೂಲಕ. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಾಗ ಆ ಬೆಳಕು ಕೇಬಲಿನಲ್ಲಿ ಹರಿದು ಸ್ಟ್ರೋಬನ್ನು ಎಬ್ಬಿಸುತ್ತದೆ. ಇಲ್ಲೊಂದು ತೊಡಕಿದೆ. ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳು ಬೆಳಕು ಅಳೆಯಲು ಮೊದಲೊಮ್ಮೆ ಸಣ್ಣಗೆ ಮಿಂಚುತ್ತವೆ. ಇದು ಪ್ರೀಫ್ಲ್ಯಾಶ್. ಇದನ್ನು ಗುರುತಿಸದ ಸ್ಟ್ರೋಬ್ ಆಗಲೇ ಮಿಂಚಿ ಮುಗಿಸುತ್ತದೆ, ಫೋಟೋ ಕತ್ತಲಾಗುತ್ತದೆ. ನಿಮ್ಮ ಮಾಡೆಲ್ ಹೆಸರು ಹೇಳಿ, ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಹೌಸಿಂಗ್, ಅಂದರೆ ಕ್ಯಾಮೆರಾದ ಜಲನಿರೋಧಕ ಪೆಟ್ಟಿಗೆ, ಕೇಬಲ್ ಸಿಕ್ಕಿಸಲು ಅನುಕೂಲವಾಗಿದೆಯೇ ನೋಡಿ. ಒಲಿಂಪಸ್ ಟಿಜಿ-6ರಂಥ ಕ್ಯಾಮೆರಾ 15 ಮೀಟರಿನವರೆಗೆ ಹೌಸಿಂಗ್ ಇಲ್ಲದೆಯೂ ತಡೆಯುತ್ತದೆ, ನಿಜ. ಆದರೂ ಸ್ಟ್ರೋಬ್ ಜೋಡಿಸಲು ಹೌಸಿಂಗ್ ಇದ್ದರೇ ಅನುಕೂಲ.

ಸ್ಟ್ರೋಬನ್ನು ಚಾಚುವ ತೋಳಿಗೆ ಸಿಕ್ಕಿಸಿ, ತುಸು ಹೊರಮುಖವಾಗಿ ತಿರುಗಿಸಿ. ಬೆಳಕಿನ ಅಂಚಷ್ಟೇ ಮೀನನ್ನು ತಾಗಲಿ. ಒಂದು ಮೀಟರಿಗಿಂತ ಹತ್ತಿರ ಹೋಗಿ. ಏಕೆಂದರೆ ದೂರ ಹೆಚ್ಚಿದಂತೆ ಸ್ಟ್ರೋಬಿನ ಬೆಳಕಿನ ಕೆಂಪನ್ನೂ ನೀರು ಹೀರದೆ ಬಿಡುವುದಿಲ್ಲ.

ಖರ್ಚು? ಆರಂಭಿಕರ ಸ್ಟ್ರೋಬ್ ಅಮೆರಿಕದಲ್ಲಿ 350ರಿಂದ 500 ಡಾಲರ್ ಆಸುಪಾಸು. ತೋಳು, ಕೇಬಲ್ ಬೇರೆ. ಇಲ್ಲಿಗೆ ತರಿಸಿದರೆ ಸುಂಕ, ಸಾಗಣೆಯೂ ಸೇರುತ್ತದೆ. ಮಾಮೂಲಿ ಕ್ಯಾಮೆರಾ ಅಂಗಡಿಯಲ್ಲಿ ಸಿಗುವುದು ಕಷ್ಟ. ಡೈವಿಂಗ್ ಸಲಕರಣೆ ಮಾರುವವರಲ್ಲಿ ವಿಚಾರಿಸಿ. ಬಾಡಿಗೆಗೆ ಸಿಕ್ಕರೆ ಮೊದಲು ಅದನ್ನೇ ಬಳಸಿ ನೋಡಿ. ಅಷ್ಟು ಹಣವಿಲ್ಲದಿದ್ದರೆ ಕಡಿಮೆ ಆಳದಲ್ಲಿ, ಬಿಸಿಲಿದ್ದಾಗ, ಕೆಂಪು ಫಿಲ್ಟರ್ ಹಾಕಿ ತೆಗೆಯಬಹುದು. ಆದರೆ ಫಿಲ್ಟರ್ ಮತ್ತು ಸ್ಟ್ರೋಬ್ ಎರಡನ್ನೂ ಒಟ್ಟಿಗೆ ಬಳಸಬೇಡಿ, ಹತ್ತಿರದ್ದೆಲ್ಲ ಕೆಂಪಾಗುತ್ತದೆ.

ದೋಣಿ ಹತ್ತುವ ಮುನ್ನ ದಡದಲ್ಲೇ ಎಲ್ಲ ಜೋಡಿಸಿ, ಕ್ಯಾಮೆರಾದ ಫ್ಲ್ಯಾಶನ್ನು ಆಟೋದಲ್ಲಿ ಬಿಡದೆ ಸದಾ ಮಿಂಚುವ ಸೆಟ್ಟಿಂಗಿಗೆ ಹಾಕಿ, ನಾಲ್ಕಾರು ಫೋಟೋ ತೆಗೆದು ನೋಡಿ.