ಕುಗ್ಗಿದ ಮನಸ್ಸಿಗೆ ಮನೆಯವರ ಆಸರೆ

ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಿದ್ದವರೊಬ್ಬರು ನಾಲ್ಕಾರು ವಾರ ಕಾಣಿಸದಿದ್ದಾಗ ವಿಚಾರಿಸಿದರೆ, ಮನೆಯವರು “ಸ್ವಲ್ಪ ಹುಷಾರಿಲ್ಲ” ಎಂದು ಮಾತು ಬದಲಿಸುತ್ತಾರೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ನಮ್ಮ ಕುಟುಂಬಗಳವರು ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ದೇವಾಲಯದ ಅಂಗಳದಲ್ಲಿಯೇ ನಿಂತು ಚರ್ಚಿಸುತ್ತೇವೆ. ಖಿನ್ನತೆಯನ್ನು ಮಾತ್ರ ಬಾಗಿಲೊಳಗೆ ಬಚ್ಚಿಡುತ್ತೇವೆ. ಮದುವೆಯ ಮಾತುಕತೆ ಕೆಟ್ಟೀತೆಂಬ ಅಂಜಿಕೆ ಒಂದು. ಭಕ್ತಿ ಕಡಿಮೆಯಾದುದರಿಂದಲೇ ಹೀಗಾಯಿತೆಂದು ಜನ ಆಡಿಕೊಂಡಾರೆಂಬ ಅಳುಕು ಇನ್ನೊಂದು.

ಈ ಅಳುಕಿಗೆ ಪವಿತ್ರ ಗ್ರಂಥದಲ್ಲಿಯೇ ಉತ್ತರವಿದೆ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ಬಾಳ್ ದೇವತೆಯ 450 ಮಂದಿ ಪ್ರವಾದಿಗಳನ್ನು ಒಬ್ಬನೇ ಎದುರಿಸಿದ ಧೀರನಾತ. ಅವನ ವಿಶ್ವಾಸಕ್ಕೇನು ಕೊರತೆಯಿತ್ತು? ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶಿಸಲೂ ಇಲ್ಲ. ಮೈ ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಉಂಡವನು ಮತ್ತೆ ಮಲಗಿದಾಗ ಮಲಗಗೊಟ್ಟನು. ಎರಡನೆಯ ಸಲವೂ ಬಂದು ಉಣ್ಣಲು ಹೇಳಿದನು.

ನಾವಾದರೋ “ನಿನಗೇನು ಕಡಿಮೆಯಾಗಿದೆ?” ಎಂದು ಕೇಳುತ್ತೇವೆ. ಹಾಸಿಗೆ ಬಿಟ್ಟೇಳಲಾಗದವರಿಗೆ ಸೋಮಾರಿಯೆಂಬ ಹೆಸರಿಡುತ್ತೇವೆ. ಎರಡು ತುತ್ತು ಅನ್ನ ಕಲಸಿಕೊಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತರೆ ಅದೂ ಸೇವೆಯೇ. ಜಪಸರವನ್ನು ಅವರ ಬಳಿ ಕುಳಿತು ನಾವೇ ಹೇಳಬಹುದು. ಅವರ ತುಟಿ ಅಲುಗದಿದ್ದರೆ ಆಕ್ಷೇಪಿಸಬೇಕಾಗಿಲ್ಲ.

ಬೇಸರ, ನಿರಾಸಕ್ತಿ, ನಿದ್ದೆಗೇಡು ಎರಡು ವಾರ ಮೀರಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಸುಮಾರು 20 ಮಂದಿ ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆಗೆ ಒಳಗಾಗಿರುತ್ತಾರೆ. “ಹೋಗಿ ಬಾ” ಎಂದು ಕಳುಹಿಸಿದರೆ ಅವರು ಹೋಗಲಾರರು. ಹೊಸೂರು ರಸ್ತೆಯ ನಿಮ್ಹಾನ್ಸ್ ಆಗಲಿ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಾಗಲಿ, ಜೊತೆಗೊಬ್ಬರು ಬೇಕು. 1950ರ ದಶಕದಲ್ಲಿಯೇ ಅಮೃತಸರದ ಡಾ. ವಿದ್ಯಾಸಾಗರ್ ಅವರು ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಬಂಧುಗಳನ್ನೂ ಉಳಿಸಿಕೊಂಡರು. ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯೂ ಇದೇ ಹಾದಿ ಹಿಡಿಯಿತು. ಮನೆಯವರೂ ಚಿಕಿತ್ಸೆಯ ಅಂಗವೆಂಬುದನ್ನು ನಮ್ಮ ದೇಶ ಅಷ್ಟು ಹಿಂದೆಯೇ ಕಂಡುಕೊಂಡಿತ್ತು.

ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳು ಬೇಕು. ಧ್ಯಾನಕೂಟಕ್ಕೆ ಹೋಗಿ ಬಂದೆವೆಂದೋ, ಮುಖದಲ್ಲಿ ನಗು ಬಂತೆಂದೋ ವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯ. ಪ್ರಾರ್ಥನೆಗೂ ಔಷಧಿಗೂ ಜಗಳವಿಲ್ಲ.

ಸಾಯುವ ಮಾತು ಬಂದರೆ ಬಾಯಿ ಮುಚ್ಚಿಸಬಾರದು. “ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯಬಹುದು. ಬರುತ್ತಿದೆಯೆಂದರೆ ಒಬ್ಬರನ್ನೇ ಬಿಡದೆ, ಮಾತ್ರೆ, ವಿಷದ ವಸ್ತುಗಳನ್ನು ದೂರವಿಟ್ಟು, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪಾಪದ ಭಯ ಹುಟ್ಟಿಸುವ ಹೊತ್ತು ಅದಲ್ಲ. ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯಸಂಸ್ಕಾರ ನಿರಾಕರಿಸುತ್ತಿದ್ದ 1917ರ ಧರ್ಮಸಭೆಯ ಕಾನೂನು 1983ರ ಸಂಹಿತೆಯಲ್ಲಿ ಉಳಿಯಲಿಲ್ಲ. ತೀವ್ರ ಮನೋವೇದನೆಯು ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದೆಂದು 1992ರ ಧರ್ಮೋಪದೇಶ ಗ್ರಂಥವೂ ಒಪ್ಪುತ್ತದೆ. ನಮ್ಮ ನಾಲಿಗೆಗಳೇ ಇನ್ನೂ 1917ರಲ್ಲಿವೆ.

ಆರೈಕೆ ಮಾಡುವವರೂ ದಣಿಯುತ್ತಾರೆ. ನೆರೆಮನೆಯ ಅಕ್ಕನೊಬ್ಬಳು ಶನಿವಾರ ಎರಡು ಗಂಟೆ ಬಂದು ಕುಳಿತರೆ ಆ ಮನೆಯ ತಾಯಿ ಕಣ್ಣು ಮುಚ್ಚಿ ಮಲಗಿಯಾಳು. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ರೋಗಿಯೇ ಕರೆ ಮಾಡಬೇಕೆಂದಿಲ್ಲ. ಮನೆಯವರು ಹಗಲಿರುಳೆನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.