ಕಲ್ಪಿತ ಲೋಕದ ಆಕರಗಳು: ಚರಿತ್ರೆಯ ವಿದ್ಯಾರ್ಥಿ ಟೋಲ್ಕಿನ್ನರನ್ನು ಓದುವ ಬಗೆ

ಚರಿತ್ರೆಯನ್ನು ವ್ಯಾಸಂಗ ಮಾಡುವವರಿಗೆ ಅದ್ಭುತ ಕಥೆಗಳಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾದುದೇ. ನಡೆಯದ ಯುದ್ಧಗಳು, ಇಲ್ಲದ ನಾಡುಗಳು, ಮನುಷ್ಯರಲ್ಲದ ಪಾತ್ರಗಳು ಇವುಗಳಲ್ಲಿ ಸತ್ಯಶೋಧಕನಿಗೆ ಕೆಲಸವೇನು? ಆದರೆ ನಮ್ಮ ತರಗತಿಗಳಲ್ಲಿ ಕಂಡುಬರುವ ಒಂದು ದೋಷವನ್ನು ನೆನೆದಾಗ ಈ ಪ್ರಶ್ನೆಗೆ ಬೇರೆಯೇ ಉತ್ತರ ದೊರೆಯುತ್ತದೆ. ಆಕರದಲ್ಲಿ ಬರೆದಿರುವುದೇ ಗತಕಾಲವೆಂದು ವಿದ್ಯಾರ್ಥಿಗಳು ಬಗೆಯುತ್ತಾರೆ. ಪರೀಕ್ಷೆಯ ಅವಸರದಲ್ಲಿ ಅಧ್ಯಾಪಕರಾದ ನಾವೂ ಹಾಗೆಯೇ ಪಾಠ ಹೇಳಿಬಿಡುವುದುಂಟು. ಈ ದೋಷವನ್ನು ತಿದ್ದಲು ಜೆ. ಆರ್. ಆರ್. ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಕಾದಂಬರಿಯು ಹೇಗೆ ನೆರವಾಗಬಲ್ಲುದೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಟೋಲ್ಕಿನ್ನರು (1892–1973) ವೃತ್ತಿಯಿಂದ ಭಾಷಾವಿದ್ವಾಂಸರು. 1925 ರಿಂದ 1959 ರವರೆಗೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದು ಪ್ರಾಚೀನ ಇಂಗ್ಲಿಷ್ ಭಾಷೆ, ಸಾಹಿತ್ಯಗಳನ್ನು ಬೋಧಿಸಿದವರು. ಹಳೆಯ ಹಸ್ತಪ್ರತಿಗಳೊಡನೆ ಬಾಳಿದ ಈ ವಿದ್ವಾಂಸರು 1954–55 ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ಕೃತಿಯೇ ಇದು. ಮನುಷ್ಯರಲ್ಲದೆ, ಮುಪ್ಪಿನಿಂದ ಸಾಯದ ಎಲ್ಫರು, ಗಣಿಗಾರರಾದ ಕುಬ್ಜರು, ಗಿಡ್ಡ ದೇಹದ ನೆಮ್ಮದಿಯ ಹಾಬಿಟ್ಟರು, ಮರಗಳನ್ನು ಕಾಯುವ ಎಂಟರು, ಕ್ರೂರಿಗಳಾದ ಓರ್ಕರು ಈ ಲೋಕದ ನಿವಾಸಿಗಳು. ಸರ್ವರನ್ನೂ ವಶಪಡಿಸಿಕೊಳ್ಳಬಲ್ಲ ಒಂದು ದುಷ್ಟ ಉಂಗುರವನ್ನು ನಾಶಮಾಡುವುದೇ ಕಥಾವಸ್ತು. ಕೃತಿಯ ಕೊನೆಯಲ್ಲಿ ರಾಜವಂಶಗಳ ವೃತ್ತಾಂತ, ಕಾಲಾನುಕ್ರಮಣಿಕೆ, ವಂಶಾವಳಿ, ಪಂಚಾಂಗ, ಲಿಪಿ, ಭಾಷೆ ಇವುಗಳನ್ನು ಕುರಿತ ಆರು ಅನುಬಂಧಗಳಿವೆ. ಆದರೆ ಚರಿತ್ರಕಾರನನ್ನು ಸೆಳೆಯುವುದು ಈ ವಿವರಸಮೃದ್ಧಿಯಲ್ಲ. ಈ ಲೋಕದ ಗತಕಾಲವು ಅದರ ನಿವಾಸಿಗಳಿಗೇ ಸಲೀಸಾಗಿ ತಿಳಿಯುವುದಿಲ್ಲವೆಂಬ ಸಂಗತಿ.

ಉಂಗುರದ ವಿಚಾರವಾಗಿ ಎಲ್ರಾಂಡನೆಂಬ ನಾಯಕನ ಮನೆಯಲ್ಲಿ ಸೇರುವ ಮಂತ್ರಾಲೋಚನೆಯ ಸಭೆಯನ್ನೇ ನೋಡೋಣ. ಸುಮಾರು 3000 ವರ್ಷಗಳ ಹಿಂದೆ ನಡೆದ ಮಹಾಯುದ್ಧವನ್ನು ಎಲ್ರಾಂಡನು ಕಣ್ಣಾರೆ ಕಂಡವನು. ಗೆದ್ದ ಅರಸು ಇಸಿಲ್ದೂರನು ಶತ್ರುವಿನ ಉಂಗುರವನ್ನು ತಾನಿಟ್ಟುಕೊಂಡನೆಂದು ಅವನು ಸಾಕ್ಷಿ ನುಡಿಯುತ್ತಾನೆ. ಇಂಥ ಸಾಕ್ಷಿ ಯಾವ ಚರಿತ್ರಕಾರನಿಗೂ ದೊರೆತದ್ದಿಲ್ಲ. ಆದರೂ ಅದು ಸಾಲದು. ಹಾಬಿಟ್ಟರ ಕೈಯಲ್ಲಿರುವ ಉಂಗುರವು ಅದೇ ಎಂಬುದಕ್ಕೆ ಪ್ರಮಾಣ ಬೇಕು. ಮಾಂತ್ರಿಕ ಗ್ಯಾಂಡಾಲ್ಫನು ಮಿನಾಸ್ ತಿರಿತ್ ನಗರದ ಗ್ರಂಥಭಂಡಾರದಲ್ಲಿ ಹುಡುಕಿ, ಇಸಿಲ್ದೂರನೇ ಬರೆದಿಟ್ಟ ಸುರುಳಿಯೊಂದನ್ನು ಪತ್ತೆಹಚ್ಚಿದ್ದಾನೆ. ಕಾದಾಗ ಮಾತ್ರ ಕಾಣುವ ಅಕ್ಷರಗಳ ವರ್ಣನೆ ಅದರಲ್ಲಿದೆ. ಉಂಗುರವನ್ನು ಬೆಂಕಿಗಿಟ್ಟು ನೋಡಿದಾಗ ಅದೇ ಅಕ್ಷರಗಳು ಮೂಡಿದವು. ಪ್ರತ್ಯಕ್ಷದರ್ಶಿಯ ನೆನಪು, ಲಿಖಿತ ದಾಖಲೆ, ವಸ್ತುವಿನ ಪರೀಕ್ಷೆ ಈ ಮೂರೂ ಕೂಡಿದಾಗಲೇ ನಿರ್ಣಯ. ಇನ್ನೊಂದು ಅಂಶವೂ ಗಮನಾರ್ಹ: ಅದೇ ನಗರದಿಂದ ಬಂದ ವೀರ ಬೊರೊಮಿರನಿಗೆ ಈ ವೃತ್ತಾಂತವೇ ತಿಳಿಯದು. ದಾಖಲೆ ಭಂಡಾರದಲ್ಲಿ ಭದ್ರವಾಗಿತ್ತು. ನಾಡು ಅದನ್ನು ಮರೆತಿತ್ತು.

ಕುಬ್ಜರ ಹಳೆಯ ನಗರಿ ಮೋರಿಯಾದಲ್ಲಿ ದೊರೆಯುವ ಪುಸ್ತಕವು ಬೇರೊಂದು ಪಾಠವನ್ನು ಕಲಿಸುತ್ತದೆ. ಅಲ್ಲಿ ನೆಲಸಲು ಹೋಗಿ ಅಳಿದುಹೋದ ತಂಡದ ದಿನಚರಿ ಅದು. ಹಾಳೆಗಳು ಹರಿದಿವೆ, ಸುಟ್ಟಿವೆ, ರಕ್ತದಿಂದ ಕಲೆಯಾಗಿವೆ. ಗ್ಯಾಂಡಾಲ್ಫನು ಓದಿದ್ದನ್ನು ಓದಿದಂತೆ, ಓದಲಾಗದ್ದನ್ನು ಆಗದೆಂದೇ ಹೇಳುತ್ತಾನೆ. ಬರಹವು ಯಾರ ಕೈಯದೆಂಬುದನ್ನೂ ಗುರುತಿಸಲಾಗುತ್ತದೆ. ಟೋಲ್ಕಿನ್ನರು ಈ ಹಾಳೆಗಳ ಪ್ರತಿಕೃತಿಗಳನ್ನು ಸುಟ್ಟಂಚುಗಳ ಸಹಿತ ಸ್ವತಃ ಸಿದ್ಧಪಡಿಸಿದ್ದರು. ವೆಚ್ಚದ ಕಾರಣ ಅವು ಮೊದಲ ಮುದ್ರಣದಲ್ಲಿ ಸೇರಲಿಲ್ಲ. ತ್ರುಟಿತ ಶಾಸನವನ್ನು ಓದಿದವರಿಗೆ ಈ ಸಂಯಮದ ಬೆಲೆ ತಿಳಿದೇ ಇದೆ. ಅಳಿದ ಅಕ್ಷರವನ್ನು ಊಹೆಯಿಂದ ತುಂಬಿ ಅದನ್ನೇ ಪಾಠವೆಂದು ಕೊಡುವುದು ಸುಲಭ. ತೆರಪನ್ನು ತೆರಪಾಗಿಯೇ ಉಳಿಸುವುದು ಕಷ್ಟ.

ಮೂರನೆಯದು ಎಂಟರ ಹಿರಿಯನಾದ ಟ್ರೀಬಿಯರ್ಡನ ಪ್ರಸಂಗ. ಅವನಿಗೆ ಸಕಲ ಜೀವಿಗಳ ಹೆಸರುಗಳ ಪುರಾತನ ಪಟ್ಟಿಯೊಂದು ಕಂಠಸ್ಥವಾಗಿದೆ. ಇಬ್ಬರು ಹಾಬಿಟ್ಟರು ಎದುರಿಗೆ ನಿಂತಾಗ ಅವನು ಪಟ್ಟಿಯಲ್ಲಿ ಹುಡುಕುತ್ತಾನೆ, ಅವರ ಹೆಸರಿಲ್ಲ. ಹೊಸ ಸಾಲೊಂದನ್ನು ಸೇರಿಸಬಾರದೇಕೆ ಎಂದು ಅವರು ಕೇಳುತ್ತಾರೆ. ಮುಂದೆ ಅದು ಸೇರುತ್ತದೆ. ಪಟ್ಟಿಯಲ್ಲಿ ಇಲ್ಲದವರು ಲೋಕದಲ್ಲಿ ಇಲ್ಲದವರಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನವು ನಮಗೆ ತಿಳಿಯದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯವಾದುದು. ಇಡೀ ಕಥೆಯು 'ಕೆಂಪು ಪುಸ್ತಕ'ವೆಂಬ ಹಸ್ತಪ್ರತಿಯಿಂದ ಬಂದುದೆಂದು ಗ್ರಂಥಕರ್ತರು ಕಲ್ಪಿಸಿದ್ದಾರೆ. ಅದನ್ನು ಬರೆದವರು ಬಿಲ್ಬೋ, ಫ್ರೋಡೋ, ಸ್ಯಾಮ್ ಎಂಬ ಹಾಬಿಟ್ಟರು. ಮೂಲಪ್ರತಿ ಉಳಿದಿಲ್ಲ, ಉಳಿದ ಪ್ರತಿಗಳಲ್ಲಿ ಪ್ರಮುಖವಾದುದು ಗೆದ್ದ ರಾಜ್ಯದಲ್ಲಿ ತಿದ್ದುಪಡಿಗಳನ್ನು ಪಡೆದ ಪ್ರತಿಯಿಂದ ಇಳಿದುಬಂದುದು. ಹೀಗಿರುವಲ್ಲಿ ಸೋತವರ ಮಾತು ಎಲ್ಲಿ? ಓರ್ಕರದೆಂಬ ಯಾವ ವೃತ್ತಾಂತವೂ ಕೃತಿಯಲ್ಲಿಲ್ಲ. ಉಂಗುರವನ್ನು ತೊಟ್ಟು ಮರೆಯಾಗಿ ನಿಂತ ಸ್ಯಾಮನು ಇಬ್ಬರು ಓರ್ಕ್ ದಳಪತಿಗಳ ಸಂಭಾಷಣೆಯನ್ನು ಆಲಿಸುತ್ತಾನೆ. ಯುದ್ಧ ಮುಗಿದಮೇಲೆ ದೊಡ್ಡ ಒಡೆಯರಿಲ್ಲದ ಎಡೆಗೆ ನಂಬಿಗಸ್ತರೊಡನೆ ಹೋಗಿಬಿಡುವ ಆಸೆ ಅವರಲ್ಲಿದೆ. ಅವರು ಸಾಧುಗಳಲ್ಲ, ಆ ಆಸೆಯಲ್ಲಿಯೂ ಕೊಳ್ಳೆಯ ಮಾತೇ ಇದೆ. ಆದರೂ ಅವರಿಗೆ ಬಯಕೆ, ದೂರು, ಭಯಗಳಿದ್ದವೆಂಬುದು ಶತ್ರುವಿನ ಕಿವಿಯ ಮೂಲಕವೇ ನಮಗೆ ತಿಳಿಯಬೇಕಾಯಿತು. ಅದೇ ಸ್ಯಾಮನು ಮತ್ತೊಂದೆಡೆ, ಎದುರುಪಕ್ಷದಲ್ಲಿ ಕಾದಿ ಸತ್ತುಬಿದ್ದ ದಕ್ಷಿಣದೇಶದ ಯೋಧನೊಬ್ಬನನ್ನು ಕಂಡು, ಅವನ ಹೆಸರೇನಿದ್ದೀತು, ಯಾವ ಸುಳ್ಳು ಅಥವಾ ಬೆದರಿಕೆ ಅವನನ್ನು ಮನೆಯಿಂದ ಇಷ್ಟು ದೂರ ತಂದಿತು ಎಂದು ಯೋಚಿಸುತ್ತಾನೆ. ಉತ್ತರ ದೊರೆಯುವುದಿಲ್ಲ.

ಈ ಮೌನವನ್ನು ಕೃತಿಯ ದೋಷವೆನ್ನುವವರಿದ್ದಾರೆ. ಒಂದು ಕುಲವನ್ನೇ ಕೇಡಿಗೆ ಮೀಸಲಿಟ್ಟಿರುವುದು ನ್ಯಾಯವೇ ಎಂಬ ಆಕ್ಷೇಪಣೆಯನ್ನು ನಾವು ತಳ್ಳಿಹಾಕಲಾರೆವು. ಓರ್ಕರ ಹುಟ್ಟಿನ ಸಮಸ್ಯೆ ಟೋಲ್ಕಿನ್ನರನ್ನೂ ಕಾಡಿತ್ತೆಂಬುದು 1981 ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ತಿಳಿದುಬರುತ್ತದೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಈ ಮೌನವೇ ಅಭ್ಯಾಸಕ್ಕೆ ತಕ್ಕ ಸ್ಥಳ. ನಾವು ಬೋಧಿಸುವ ಪ್ರಶಸ್ತಿ ಶಾಸನಗಳಲ್ಲಿಯೂ ಶತ್ರುವೆಂದರೆ ಸೋಲುವುದಕ್ಕಾಗಿಯೇ ಬಂದವನು. ಅವನ ಸೇನೆಯಲ್ಲಿ ಸತ್ತವರಿಗೆ ಅಲ್ಲಿ ಹೆಸರಿಲ್ಲ. ನಿಜವಾದ ಶಾಸನದ ಮುಂದೆ ವಿದ್ಯಾರ್ಥಿಗೆ ಒಂದು ಬಗೆಯ ಭಯಭಕ್ತಿ ಇರುತ್ತದೆ, ಪ್ರಶ್ನಿಸಲು ಹಿಂಜರಿಯುತ್ತಾನೆ. ಕಲ್ಪಿತ ಆಕರದ ಮುಂದೆ ಆ ಹಿಂಜರಿಕೆಯಿಲ್ಲ. ಇದನ್ನು ಬರೆದವರು ಯಾರು, ಕಾಪಾಡಿದವರು ಯಾರು, ಇದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಕೇಳಿ ಕಲಿತವನು ಶಾಸನದ ಮುಂದೆಯೂ ಕೇಳಿಯಾನು. ಈ ಕಾದಂಬರಿಯ ಒಂದೆರಡು ಅಧ್ಯಾಯಗಳನ್ನು ಪದವಿ ತರಗತಿಯ ಆಕರವಿಮರ್ಶೆಯ ಪಾಠದೊಡನೆ ಓದಿಸುವುದು ಉಪಯುಕ್ತವೆಂಬುದು ನಮ್ಮ ಅಭಿಪ್ರಾಯ.